ಮೂವತ್ತೊಂದರಿಂದ ಒಂಬತ್ತಕ್ಕೆ

ನವೆಂಬರ್ 16, ಶನಿವಾರ

ಹವೆ: ನಿನ್ನೆಯೂ ಇವತ್ತೂ ಕೋಟು ಬೇಡದಷ್ಟು ಬೆಚ್ಚಗೆ. ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ತಿಂಗಳು ಹೀಗಿದ್ದರೆ ನನಗೆ ಅನುಮಾನ ಬರುತ್ತದೆ.

ರಜೆಯ ದಿನ ಠಾಣೆಗೆ ಕರೆಸಿದರು. ದಾಖಲೆ ಗುಮಾಸ್ತೆಯಾಗಿ ಇಪ್ಪತ್ತೆಂಟು ವರ್ಷದಲ್ಲಿ ಇದು ಎರಡನೆಯ ಸಲ. ಮೊದಲ ಸಲ ಕರೆಸಿದ್ದು ಕೊಳವೆ ಒಡೆದು ಕಡತಗಳು ನೆನೆದಾಗ.

ನಿನ್ನೆ ಅಗ್ನಿಶಾಮಕ ದಳದ ಹಾಲ್‌ನಲ್ಲಿ ಮಾಂಸದ ಲಾಟರಿ, ಟಿಕೆಟ್ಟಿನ ನಂಬರು ಬಂದವರಿಗೆ ಮಾಂಸ. ಮೊದಲ ಸುತ್ತು ಹಂದಿತೊಡೆ, ಎರಡನೆಯದು ಟರ್ಕಿ ಕೋಳಿ, ಕೊನೆಗೆ ಸಾಸೇಜು. ನಮ್ಮಜ್ಜಿಯ ಕಾಲದಿಂದ ಇದೇ ಕ್ರಮ. ಮೊದಲ ಸುತ್ತಿನಲ್ಲಿ 417 ಎಂದು ಕೂಗಿದಾಗ ಇಬ್ಬರು ಎದ್ದು ನಿಂತರಂತೆ. ಟಿಕೆಟ್ಟಿನ ಸುರುಳಿ ಎರಡು ಸಲ ಅಚ್ಚಾಗಿತ್ತು. ಒಬ್ಬ ತೊಡೆಯ ಈ ತುದಿ ಹಿಡಿದ, ಇನ್ನೊಬ್ಬ ಆ ತುದಿ. ಆಮೇಲೆ ಇಬ್ಬರ ಕಡೆಯವರೂ ಎದ್ದರು, ಮೇಜಿನ ಮೇಲೆ ಕಲ್ಲಿನಂತೆ ಹೆಪ್ಪುಗಟ್ಟಿ ಕೂತಿದ್ದ ಮಿಕ್ಕ ಹದಿನಾಲ್ಕು ತೊಡೆಗಳೂ ಎದ್ದವು. ದಳದ ಕ್ಯಾಪ್ಟನ್, ಹಾರ್ಡ್‌ವೇರ್ ಅಂಗಡಿಯ ಕರ್ಟ್ ಡುಶೆಕ್, ಒಂದೊಂದು ಕಂಕುಳಲ್ಲಿ ಒಬ್ಬೊಬ್ಬನನ್ನು ಎತ್ತಿಕೊಂಡು ಹೋಗಿ ಹೊರಗೆ ಹಾಕಿದ ಮೇಲೆ ಗಲಾಟೆ ನಿಂತಿತಂತೆ. ಪೆಟ್ಟು ತಿಂದವರು ಒಂಬತ್ತು ಜನ. ಸಾವಿಲ್ಲ. ಟರ್ಕಿ ಫ್ರೀಜರಿನಿಂದ ಹೊರಗೇ ಬರಲಿಲ್ಲ, ಪಾಪ.

ನಿಯಮ ಸ್ಪಷ್ಟವಾಗಿದೆ. ಆಯುಧವಿದ್ದರೆ ಅದು ಗಂಭೀರ ಹಲ್ಲೆ. ಪೆಟ್ಟು ತಿಂದ ತಲೆಗೊಂದು ಲೆಕ್ಕ. ನಾನು ಒಂಬತ್ತು ಎಂದು ಬರೆದದ್ದನ್ನು ನೋಡಿ ಪೊಲೀಸ್ ಚೀಫ್ ನಾರ್ಬರ್ಟ್ ಟೆಶ್ಕೆ ಕನ್ನಡಕ ತೆಗೆದು ಒರೆಸಿಕೊಂಡರು.

"ಹಂದಿತೊಡೆ ಆಯುಧ ಹೆಂಗಾಗುತ್ತೆ ಆರ್ಡಿಸ್?"

"ಹೆಪ್ಪುಗಟ್ಟಿದ್ರೆ ಆಗುತ್ತೆ, ಚೀಫ್."

"ಕರಗಿದ್ರೆ?"

"ಕರಗಿದ್ರೆ ಅಡುಗೆ."

ಅವರು ಗೊಣಗುತ್ತಾ ಹೋದರು. ಹೋಗಲಿ. ನನಗೂ ಜನಕ್ಕೂ ನಡುವೆ ಗಾಜು ಇದೆ, ಗಾಜಿನ ಕೆಳಗೆ ಹಾಳೆ ತೂರುವಷ್ಟು ಸಂದು ಇದೆ. ನನಗೆ ಅಷ್ಟು ಸಾಕು. ಹಾಳೆಗಳು ಮೂಗು ಸುರಿಸುವುದಿಲ್ಲ.

ನವೆಂಬರ್ 21, ಗುರುವಾರ

ಹವೆ: ಮೋಡ.

ನಮ್ಮೂರ ವಾರಪತ್ರಿಕೆಯಲ್ಲಿ ಗುರುವಾರ ಪೊಲೀಸ್ ವರದಿ ಬರುತ್ತದೆ. ಆಲ್ಡರ್ ಫಾಲ್ಸ್‌ನ ಒಂಬತ್ತು ಸಾವಿರ ಜನರೂ ಬೇರೆ ಯಾವ ಪುಟವನ್ನೂ ಮೊದಲು ಓದುವುದಿಲ್ಲ. ಇವತ್ತು ಪೆಟ್ಟು ತಿಂದ ಒಂಬತ್ತು ಜನರ ಹೆಸರು ದಪ್ಪಕ್ಷರದಲ್ಲಿ ಬಂದಿದೆ. ಅವರೆಲ್ಲ ಬೆಳಿಗ್ಗೆಯಿಂದ ಮುಖ್ಯರಸ್ತೆಯಲ್ಲಿ ಯುದ್ಧ ಗೆದ್ದವರಂತೆ ಓಡಾಡುತ್ತಿದ್ದಾರೆ. ಬಾರಿನಲ್ಲಿ ಬ್ರಾಂದಿ ಪುಕ್ಕಟೆಯಂತೆ.

ಮಧ್ಯಾಹ್ನ ಎಲ್‌ರಾಯ್ ಜಸ್ಟ್ರೋ ಬಂದು ಗಾಜು ಬಡಿದ. ಎಪ್ಪತ್ತಾರು ವರ್ಷ, ಸಿಟ್ಟಿಗೆ ಮಾತ್ರ ಇಪ್ಪತ್ತು.

"ಏನಮ್ಮಾ ಆರ್ಡಿಸ್, ನಾನು ಅಲ್ಲಿ ಇರ್ಲಿಲ್ವಾ? ನನ್ನ ಹೆಸರು ಎಲ್ಲಿ? ನೋಡಿಲ್ಲಿ ಮಂಡಿ, ಕುಂಬಳಕಾಯಿ ಆಗಿದೆ!"

"ಅವತ್ತೇ ಯಾಕೆ ಹೇಳ್ಲಿಲ್ಲ?"

"ಅವತ್ತು ಪೇಪರ್‌ನಲ್ಲಿ ಹಾಕ್ತಾರೆ ಅಂತ ಯಾರು ಹೇಳಿದ್ರು?"

ಹೇಳಿಕೆ ಬರೆದ, ಸಹಿ ಹಾಕಿದ. ಸಹಿ ಇದ್ದರೆ ದಾಖಲಿಸುವುದು ನನ್ನ ಕೆಲಸ, ನಂಬುವುದಲ್ಲ. ಹತ್ತು.

ನವೆಂಬರ್ 22, ಶುಕ್ರವಾರ

ಸಾಲು ಬಾಗಿಲಾಚೆ ಹೋಗಿತ್ತು. ಬರ್ನಡೀನ್ ಫಿಸ್ಟರ್ ತನ್ನ ಹಲ್ಲನ್ನು ಕರವಸ್ತ್ರದಲ್ಲಿ ಕಟ್ಟಿಕೊಂಡು ತಂದಿದ್ದಳು. ಹಲ್ಲನ್ನೂ ಗಾಜಿನ ಸಂದಿಯಲ್ಲಿ ತೂರಿಸಿದಳು. ಸಾಕ್ಷ್ಯ ಬೇಡ ಎಂದು ವಾಪಸು ತೂರಿಸಿದೆ. ಅವಳು ಮತ್ತೆ ತೂರಿಸಿದಳು. ಹೀಗೆ ಹಲ್ಲು ನಾಲ್ಕು ಸಲ ಓಡಾಡಿತು.

ಕೊನೆಗೆ ಕರ್ಟ್ ಡುಶೆಕ್ ಹೆಂಡತಿಯನ್ನು ಕರೆದುಕೊಂಡು ಬಂದ. ಸಾಲಿನಲ್ಲಿದ್ದವರೆಲ್ಲ ಚಪ್ಪಾಳೆ ತಟ್ಟಿದರು, ಗಲಾಟೆ ನಿಲ್ಲಿಸಿದವನಲ್ಲವೇ. ಹೆಂಡತಿ ಮಾರ್ನಿಯ ಮಣಿಕಟ್ಟು ಮುರಿದಿತ್ತು, ತೋಳು ಕುತ್ತಿಗೆಗೆ ಕಟ್ಟಿದ ಜೋಳಿಗೆಯಲ್ಲಿತ್ತು. ಯಾರೋ ಎಸೆದ ಟರ್ಕಿ ತಗುಲಿತಂತೆ. ಅವಳ ಬಲಗೈ ಆಡದ್ದರಿಂದ ಅವನೇ ಬರೆದ, ಅವನೇ ಹೇಳಿದ, ಅವಳು ತಲೆಯಾಡಿಸಿ ಎಡಗೈಯಲ್ಲಿ ಸಹಿ ಎಳೆದಳು. ಬಂದವರಲ್ಲೆಲ್ಲ ಅಚ್ಚುಕಟ್ಟಾದ ಅರ್ಜಿ ಅವನದೇ. ಒಂದೂ ಕಾಲಂ ಖಾಲಿ ಇಲ್ಲ. ಎಲ್ಲರೂ ಹೀಗೆ ಬರೆದರೆ ನನ್ನ ಅರ್ಧ ಕೆಲಸ ಉಳಿಯುತ್ತದೆ.

ಸಂಜೆಗೆ ಇಪ್ಪತ್ತಾರು.

ನವೆಂಬರ್ 27, ಬುಧವಾರ

ಮೂವತ್ತೊಂದು. ಹಾಲ್‌ನಲ್ಲಿ ಇದ್ದ ತೊಡೆಗಳೇ ಹದಿನೈದು. ನಾನು ಏನೂ ಹೇಳುವುದಿಲ್ಲ.

ಜನವರಿ 21, ಮಂಗಳವಾರ

ಹವೆ: ಮೂಗು ಉದುರುವಷ್ಟು ಚಳಿ.

ರಾಜ್ಯದ ಪಟ್ಟಿ ಬಂತು. ಅತಿ ಹೆಚ್ಚು ಹಿಂಸೆಯ ಸಣ್ಣ ಊರುಗಳ ಪೈಕಿ ಆಲ್ಡರ್ ಫಾಲ್ಸ್‌ಗೆ ಎರಡನೆಯ ಸ್ಥಾನ. ಹಿಂದಿನ ವರ್ಷ ಗಂಭೀರ ಹಲ್ಲೆ ಎರಡು, ಕಳೆದ ವರ್ಷ ಮೂವತ್ತೊಂದು. ಏರಿಕೆ ಶೇಕಡಾ ಸಾವಿರದ ನಾನೂರ ಐವತ್ತು. ಎರಡು ಸಲ ಗುಣಿಸಿ ನೋಡಿದೆ, ಸರಿಯಾಗಿದೆ.

ಟಿವಿಯವರು ಬಂದು ಹೆದರಿದವರನ್ನು ಹುಡುಕಿದರು. ಯಾರೂ ಸಿಗದೆ ಎಲ್‌ರಾಯ್‌ನನ್ನು ಮಾತಾಡಿಸಿದರು. "ಹೊರಗೆ ಕಾಲಿಡೋಕೆ ಆಗಲ್ಲ ಸ್ವಾಮಿ," ಎಂದ, ಹೊರಗೆ ನಿಂತುಕೊಂಡೇ.

ನಗು ಮಧ್ಯಾಹ್ನದವರೆಗೆ ಮಾತ್ರ. ಊರಲ್ಲಿ ಡಾಕ್ಟರಿಲ್ಲದೆ ಎರಡು ವರ್ಷವಾಯಿತು. ಜ್ವರ ಬಂದರೂ ನಲವತ್ತು ಮೈಲಿ ಹೋಗಬೇಕು. ಬರಬೇಕಿದ್ದ ಡಾಕ್ಟರ್ ದಂಪತಿ ಇವತ್ತು ಮೇಯರ್ ಲೈಲ್ ಬ್ರಾಂಡ್‌ವೋಲ್ಡ್‌ಗೆ ಫೋನ್ ಮಾಡಿದರು. ಚಿಕ್ಕ ಮಕ್ಕಳಿದ್ದಾರಂತೆ. ಪಟ್ಟಿಯಲ್ಲಿ ಹೆಸರಿರುವ ಊರಿಗೆ ಬರುವುದಿಲ್ಲವಂತೆ. ತಿದ್ದಿದ ಪಟ್ಟಿ ಮಾರ್ಚಿನಲ್ಲಿ ಬರುತ್ತದೆ, ಅಲ್ಲಿಯವರೆಗೆ ಕಾಯುತ್ತಾರಂತೆ.

ಜನವರಿ 22, ಬುಧವಾರ

ಮೇಯರ್ ಗಾಜಿಗೆ ಹಣೆ ಒತ್ತಿ ನಿಂತರು.

"ಆರ್ಡಿಸ್, ನೀನು ಮನಸ್ಸು ಮಾಡಿದ್ರೆ ಆಗುತ್ತೆ. 'ಗಂಭೀರ' ತೆಗೆದು 'ಸಾಧಾರಣ' ಅಂತ ಹಾಕ್ಬಿಡು. ಒಂದು ಪದ ಅಷ್ಟೇ ಕಣಮ್ಮ."

"ಹೆಪ್ಪುಗಟ್ಟಿತ್ತು, ಲೈಲ್."

"ನಿನಗೆ ಕಲ್ಲೆದೆ!"

"ಹಣೆ ತೆಗೀರಿ. ಗಾಜು ಜಿಡ್ಡಾಗುತ್ತೆ."

ಆದರೆ ಸುಳ್ಳು ಹೇಳಿಕೆಯನ್ನು ಹೊಡೆದುಹಾಕಲು ದಾರಿ ಇದೆ. ಪ್ರತಿ ಹೆಸರಿಗೂ ಒಂದು ಹಾಳೆ, ಹೇಳಿಕೆ ಕೊಟ್ಟವರ ಸಹಿ, ಮತ್ತು "ಗಾಯದ ನಿಜವಾದ ಕಾರಣ" ಎಂಬ ಕಾಲಂ. ಅದು ಖಾಲಿ ಇರಬಾರದು. ಕೊನೆಯ ದಿನ ಫೆಬ್ರವರಿ 28. ಚೀಫ್ ಲೆಕ್ಕ ಹಾಕಿದರು: ಒಂಬತ್ತಾದರೆ ಪಟ್ಟಿಯಿಂದ ಹೊರಗೆ, ಹತ್ತಾದರೆ ಒಳಗೆ.

"ನಿಜವಾಗಿ ಪೆಟ್ಟು ತಿಂದೋರು ಒಂಬತ್ತೇ ತಾನೇ?" ಎಂದರು.

"ಮೊದಲ ದಿನ ಬರೆದದ್ದು ಒಂಬತ್ತು."

ಚೀಫ್ ನನ್ನ ಕೈ ಕುಲುಕಲು ಬಂದರು. ನಡುವೆ ಗಾಜಿತ್ತು.

ಫೆಬ್ರವರಿ 4, ಮಂಗಳವಾರ

ಹೆಸರು ಸೇರಿಸಲು ಬಂದವರೇ ಈಗ ತೆಗೆಸಲು ಬರುತ್ತಿದ್ದಾರೆ. ಎಲ್ಲರಿಗೂ ಡಾಕ್ಟರ್ ಬೇಕು, ಯಾರಿಗೂ ನಿಜ ಹೇಳಲು ಬಾಯಿ ಬರುವುದಿಲ್ಲ. ಎಲ್‌ರಾಯ್ ಹತ್ತು ನಿಮಿಷ ಟೋಪಿ ತಿರುವಿದ.

"ಕಾರಣ?" ಎಂದೆ.

"ಏಣಿ."

"ಏಣಿ ಏನು ಮಾಡ್ತು?"

"ಅದೇನೂ ಮಾಡ್ಲಿಲ್ಲ. ನಾನೇ ಬಿದ್ದೆ. ಪಕ್ಕದ ಮನೆಯೋಳು ಬಟ್ಟೆ ಒಣಗಿಸ್ತಿದ್ಲು... ಅದನ್ನೂ ಬರೀಬೇಕಾ?"

"ಏಣಿ ಸಾಕು."

ಬರ್ನಡೀನ್‌ಳ ಹಲ್ಲು ಉದುರಿದ್ದು ಕ್ಯಾರಮೆಲ್ ಮಿಠಾಯಿಯಿಂದ, ಅದೂ ಉಪವಾಸದ ದಿನ. ಒಬ್ಬ ತನ್ನ ಎಮ್ಮೆಯಂಥ ನಾಯಿಯನ್ನು ಮಂಚದಿಂದ ಇಳಿಸಲು ಹೋಗಿ ಸೊಂಟ ಹಿಡಿಸಿಕೊಂಡಿದ್ದ. ಇನ್ನೊಬ್ಬನಿಗೆ ಗಾಯವೇ ಇರಲಿಲ್ಲ. ಅವನ ಬೌಲಿಂಗ್ ತಂಡದಲ್ಲಿ ಎಲ್ಲರ ಹೆಸರೂ ಬಂದಿತ್ತು, ಅಷ್ಟೇ. ಕಾರಣದ ಕಾಲಮ್ಮಿನಲ್ಲಿ "ನಾಚಿಕೆ" ಎಂದು ಬರೆದುಕೊಟ್ಟ. ಸ್ವೀಕರಿಸಿದೆ.

ಇಪ್ಪತ್ತೆರಡಕ್ಕೆ ಇಳಿದಿದೆ. ನಕ್ಕು ನಕ್ಕು ಹೊಟ್ಟೆ ನೋಯುತ್ತಿದೆ. ಗಾಜಿನ ಸಂದಿಗೆ ಬಗ್ಗಿ ಬಗ್ಗಿ ಬೆನ್ನೂ ನೋಯುತ್ತಿದೆ. ನಾಳೆಯಿಂದ ಕಿಟಕಿಯ ಗಾಜನ್ನೇ ಪಕ್ಕಕ್ಕೆ ಸರಿಸಿಡುತ್ತೇನೆ, ಬೆನ್ನಿನ ದೃಷ್ಟಿಯಿಂದ.

ಫೆಬ್ರವರಿ 12, ಬುಧವಾರ

ಹತ್ತು!

ಊರೆಲ್ಲ ಎಣಿಸುತ್ತಿದೆ. ಬೇಕರಿಯವರು ಕಿಟಕಿಯಲ್ಲಿ ದಿನದ ಅಂಕಿ ಬರೆದಿಡುತ್ತಿದ್ದಾರೆ. ಉಳಿದಿರುವ ಹೆಸರು ಮಾರ್ನಿ ಡುಶೆಕ್ ಒಂದೇ. ಮಿಕ್ಕ ಒಂಬತ್ತು ಗಟ್ಟಿ ಹಂದಿತೊಡೆಯವು.

ಅವಳ ಅರ್ಜಿ ತೆಗೆದು ಓದಿದೆ. ಟರ್ಕಿ ತಗುಲಿ ಮಣಿಕಟ್ಟು ಮುರಿಯಿತು. ಟರ್ಕಿ! ಅದು ಎರಡನೆಯ ಸುತ್ತು. ಎರಡನೆಯ ಸುತ್ತು ನಡೆಯಲೇ ಇಲ್ಲ. ಅಷ್ಟು ಚೆಂದದ ಅರ್ಜಿಯಲ್ಲಿ ಇಂಥ ತಪ್ಪು. ಕರ್ಟ್‌ಗೆ ಫೋನ್ ಮಾಡಿದೆ. ನಾಳೆ ಬರುತ್ತಾನೆ.

ಫೆಬ್ರವರಿ 13, ಗುರುವಾರ

ಕರ್ಟ್ ಒಬ್ಬನೇ ಬಂದ, ಹೆಂಡತಿಯ ಸಹಿ ಮನೆಯಲ್ಲೇ ಹಾಕಿಸಿಕೊಂಡು. ತಪ್ಪಾಯಿತೆಂದು ತಕ್ಷಣ ಒಪ್ಪಿಕೊಂಡ.

"ಅವಳು ಹಾಲ್‌ಗೇ ಬಂದಿರ್ಲಿಲ್ಲ ಆರ್ಡಿಸ್. ಎಲ್ಲರೂ ಬರೆಸ್ತಿದ್ರಲ್ಲ, ಅವಳಿಗೂ ಆಸೆ ಆಯ್ತು. ಹೆಂಗಸ್ರು ಅಂದ್ರೆ ಗೊತ್ತಲ್ಲ."

ನಾನೂ ಹೆಂಗಸು ಎಂಬುದು ಅವನಿಗೆ ಮರೆತಿರಬೇಕು. ಕಾರಣ ಏನೆಂದು ಕೇಳಿದೆ.

"ಅದೇ ಶುಕ್ರವಾರ ಸಂಜೆ ಮನೆ ಮೆಟ್ಟಿಲ ಮೇಲೆ ಐಸ್ ಕಟ್ಟಿತ್ತು. ಜಾರಿದ್ಲು."

ಬರೆದುಕೊಂಡೆ. ಒಂಬತ್ತು! ಚೀಫ್ ಕುರ್ಚಿಯ ಮೇಲೆ ಹತ್ತಿ ಕೂಗಿದರು. ಮೇಯರ್ ಓಡಿಬಂದು ಎಲ್ಲರನ್ನೂ ತಬ್ಬಿದರು, ಯಾವುದೋ ಪಾರ್ಕಿಂಗ್ ದಂಡ ಕಟ್ಟಲು ಬಂದವನನ್ನೂ. ಬೇಕರಿಯವರು ಒಂಬತ್ತರ ಆಕಾರದ ಕೇಕ್ ಕಳಿಸಿದರು. ಕರ್ಟ್‌ಗೆ ಮತ್ತೆ ಚಪ್ಪಾಳೆ. ನಾನು ಎರಡು ತುಂಡು ತಿಂದೆ.

ಫೆಬ್ರವರಿ 15, ಶನಿವಾರ

ರಾಜ್ಯಕ್ಕೆ ಕಳಿಸುವ ಮುನ್ನ ದಿನಾಂಕಗಳನ್ನು ತಾಳೆ ನೋಡುವುದು ನನ್ನ ಪದ್ಧತಿ. ಅದಕ್ಕೇ ಇವತ್ತು ಈ ಡೈರಿ ಹಿಂದಕ್ಕೆ ತಿರುವಿದೆ. ನವೆಂಬರ್ ಹದಿನಾರು: "ನಿನ್ನೆಯೂ ಇವತ್ತೂ ಕೋಟು ಬೇಡದಷ್ಟು ಬೆಚ್ಚಗೆ."

ಆ ಶುಕ್ರವಾರ ಊರಿನಲ್ಲಿ ಐಸ್ ಇದ್ದದ್ದು ಫ್ರೀಜರಿನಲ್ಲಿ ಮಾತ್ರ.



ಫೆಬ್ರವರಿ 16, ಭಾನುವಾರ

ಅವನ ಅಚ್ಚುಕಟ್ಟಾದ ಅರ್ಜಿಯನ್ನು ಮೆಚ್ಚಿ ಬರೆದಿದ್ದೇನಲ್ಲ ನಾನು! ಅವಳು ಗಾಜಿನ ಆಚೆ ಎರಡಡಿ ದೂರದಲ್ಲಿ ನಿಂತಿದ್ದಳು. ಅವಳ ಮುಖ ಹೇಗಿತ್ತೆಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ. ಜೋಳಿಗೆ ನೀಲಿ ಬಣ್ಣದ್ದು, ಅದು ನೆನಪಿದೆ.

ಚರ್ಚಿಗೆ ಹೋಗಲಿಲ್ಲ.

ಫೆಬ್ರವರಿ 18, ಮಂಗಳವಾರ

ಹವೆ: ಬಿಸಿಲು, ಹಿಮ ಕರಗುತ್ತಿದೆ.

ಮಾರ್ನಿ ಚೀಸ್ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಮಧ್ಯಾಹ್ನ ಅಲ್ಲಿಗೆ ಹೋದೆ. ಠಾಣೆಯ ಕೆಲಸಕ್ಕಾಗಿ ಹೊರಗೆ ಹೋದದ್ದು ಇದೇ ಮೊದಲು. ಏನು ಹೇಳಬೇಕೆಂದು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡೆ, ಅವಳೆದುರು ನಿಂತಾಗ "ಒಂದು ಪೌಂಡ್ ಚೀಸ್ ಉಂಡೆ" ಎಂಬುದಷ್ಟೇ ಬಾಯಿಗೆ ಬಂತು. ತೂಗಿಕೊಟ್ಟಳು, ಎಡಗೈಯಲ್ಲೇ. ಮುಖ ನೋಡಿದೆ. ಮೂವತ್ತರ ಆಸುಪಾಸು, ಎಡ ಹುಬ್ಬಿನ ಮೇಲೆ ಹಳೆಯ ಗಾಯದ ಗುರುತು.

"ಇನ್ನೇನಾದ್ರೂ ಬೇಕಾ ಮೇಡಂ?"

"ಇನ್ನೊಂದು ಪೌಂಡ್."

ಅದೂ ಬಂತು. ಹಿಂದೆ ಯಾರೂ ಇರಲಿಲ್ಲ. ಮೂರನೆಯದನ್ನೂ ಕೇಳಿದೆ. ಅವಳು ತಕ್ಕಡಿಯನ್ನು ಬಿಟ್ಟು ನನ್ನನ್ನೇ ನೋಡಿದಳು.

"ಮನೇಲಿ ಎಷ್ಟು ಜನ ಇದೀರ?"

"ನಾನೊಬ್ಳೇ."

ಇಬ್ಬರಿಗೂ ನಗು ಬಂತು. ನಗು ಮುಗಿದ ಮೇಲೆ ಹೇಳಿಬಿಟ್ಟೆ. "ಅವತ್ತು ಐಸ್ ಇರ್ಲಿಲ್ಲ, ಮಾರ್ನಿ."

ಅವಳು ತಕ್ಕಡಿಯ ತಟ್ಟೆ ಒರೆಸತೊಡಗಿದಳು. ಒರೆಸಿದ್ದನ್ನೇ ಒರೆಸಿದಳು.

"ನಿಮಗೆ ಹೆಂಗೆ ಗೊತ್ತು?"

"ಬರೆದಿಟ್ಕೊಂಡಿದೀನಿ."

"ಎಲ್ಲಾನೂ ಬರೀತೀರಾ?"

"ಎಲ್ಲಾನೂ."

"ನಾನು ಬರೆಸಿದ್ರೆ ಹತ್ತಾಗುತ್ತೆ. ಡಾಕ್ಟರು ಬರಲ್ಲ. ಊರೋರೆಲ್ಲ ನನ್ನೇ ನೋಡ್ತಾರೆ. ಮೊನ್ನೆ ಬೇಕರಿಯೋಳು ನನ್ನ ಕೈ ಹಿಡ್ಕೊಂಡು ಥ್ಯಾಂಕ್ಸ್ ಹೇಳಿದ್ಲು, ಗೊತ್ತಾ? ನಾನು ಜಾರಿ ಬಿದ್ದಿದ್ದಕ್ಕೆ!"

ನಿಯಮ ಹೇಳಬಹುದಿತ್ತು, ಹೇಳಲಿಲ್ಲ. "ನಾಲ್ಕನೇ ಪೌಂಡ್ ಬೇಡ," ಎಂದೆ. ದೇವರೇ, ಎಂಥ ಮಾತು. ನನ್ನ ಮನೆಯ ವಿಳಾಸ ಬರೆದುಕೊಟ್ಟು ಬಂದೆ.

ಫೆಬ್ರವರಿ 22, ಶನಿವಾರ

ಚೀಸ್ ಮುಗಿಯುತ್ತಿಲ್ಲ. ಹಿಂದಿನ ಕೋಣೆಯಲ್ಲಿದ್ದ ಹೊಲಿಗೆ ಯಂತ್ರವನ್ನು ಚಾವಡಿಗೆ ಸರಿಸಿದೆ. ಸುಮ್ಮನೆ, ಬೆಳಕು ಚೆನ್ನಾಗಿದೆಯೆಂದು. ಮಂಚಕ್ಕೆ ಹೊಸ ಹಾಸು ಹಾಕಿದೆ.

ಫೆಬ್ರವರಿ 28, ಶುಕ್ರವಾರ

ಐದು ಗಂಟೆಗೆ ಕಡತ ಮುಚ್ಚಬೇಕಿತ್ತು. ಮೂರೂವರೆಗೆ ಮಾರ್ನಿ ಬಂದಳು, ಅಂಗಡಿಯ ಏಪ್ರನ್ ಕೂಡ ಬಿಚ್ಚದೆ. ಕೈಯಲ್ಲಿ ಒಂದು ಚೀಲ.

"ಬರ್ಕೊಳಿ," ಎಂದಳು.

ಪಕ್ಕದ ಬಾಗಿಲು ತೆಗೆದು ಒಳಗೆ ಕರೆದೆ. ನನ್ನ ಕುರ್ಚಿ ಕೊಟ್ಟೆ, ನಾನು ಕಡತದ ಪೆಟ್ಟಿಗೆಯ ಮೇಲೆ ಕೂತೆ. ಲಾಟರಿಯ ಆ ಶುಕ್ರವಾರ ಕರ್ಟ್ ಮನೆಗೆ ಬಂದಾಗ ಊರೆಲ್ಲ ಅವನನ್ನು ಹೊಗಳುತ್ತಿತ್ತು, ಇವಳು ಮಾತ್ರ ಅಡುಗೆ ಆರಿಹೋಯಿತು ಎಂದಳಂತೆ. ಆಯುಧ: ಅಂಗಡಿಯ ಸುತ್ತಿಗೆ. ಬರೆಯುವಾಗ ನನ್ನ ಅಕ್ಷರ ಕೆಟ್ಟುಹೋಯಿತು, ಎರಡು ಹಾಳೆ ಹರಿದು ಮತ್ತೆ ಬರೆದೆ.

ಚೀಫ್ ಬಂದರು. ಮೊದಲು "ಹತ್ತಾ?" ಎಂದು ತಲೆ ಮೇಲೆ ಕೈ ಹೊತ್ತರು. ಆಮೇಲೆ ಹಾಳೆ ಓದಿದರು. ನಿಂತವರು ಕೂತರು, ಕೂತವರು ಇನ್ನೊಮ್ಮೆ ಓದಿದರು.

"ಅವನ ಜತೆ ವಾರಕ್ಕೆರಡು ದಿನ ಇಸ್ಪೀಟು ಆಡ್ತೀನಮ್ಮ ನಾನು," ಎಂದರು, ಮಾರ್ನಿಗೋ ನನಗೋ ತಿಳಿಯಲಿಲ್ಲ. ಕೋಟು ಹಾಕಿಕೊಂಡು ತಾವೇ ಹೋದರು. ನಾಲ್ಕೂಮುಕ್ಕಾಲಿಗೆ ಕರ್ಟ್‌ನನ್ನು ಕರೆತಂದರು. ಈ ಸಲ ಯಾರೂ ಚಪ್ಪಾಳೆ ತಟ್ಟಲಿಲ್ಲ.

ನಾಲ್ಕು ಐವತ್ತಾರಕ್ಕೆ ಮೇಯರ್ ಓಡಿಬಂದರು. "ಆರ್ಡಿಸ್, ಸೋಮವಾರ ದಾಖಲು ಮಾಡು. ಎರಡೇ ದಿನ! ಊರಿಗೊಂದು ಡಾಕ್ಟರ್ ಬೇಡ್ವಾ?"

"ಈ ಕೈ ಕಟ್ಟಿಸೋಕೆ ಅವಳು ನಲವತ್ತು ಮೈಲಿ ಹೋಗಿದ್ಲು, ಲೈಲ್. ಅವನೇ ಗಾಡಿ ಓಡಿಸಿದ್ದು. ಆ ನಲವತ್ತು ಮೈಲಿ ಅವನ ಪಕ್ಕದಲ್ಲಿ ಕೂತಿದ್ಲು."

ಕಂಪ್ಯೂಟರಿನಲ್ಲಿ ರಾಜ್ಯಕ್ಕೆ ಕಳಿಸುವ ಗುಂಡಿ ಒತ್ತಿದೆ. ಹತ್ತು.

ಮಾರ್ನಿ ಹಿಂದಿನ ಕೋಣೆಯಲ್ಲಿ ಮಲಗಿದ್ದಾಳೆ. ಚೀಸ್ ತಿನ್ನಲು ಜನ ಸಿಕ್ಕಿತು.

ಮಾರ್ಚ್ 6, ಗುರುವಾರ

ತಿದ್ದಿದ ಪಟ್ಟಿ ಬಂತು. ಆಲ್ಡರ್ ಫಾಲ್ಸ್‌ಗೆ ಕೊನೆಯ ಸ್ಥಾನ, ಆದರೂ ಪಟ್ಟಿಯೊಳಗೇ. ಡಾಕ್ಟರ್ ದಂಪತಿ ಬಹಳ ವಿನಯದಿಂದ ಬರುವುದಿಲ್ಲ ಎಂದು ಬರೆದಿದ್ದಾರೆ. ಬೇಕರಿಯಲ್ಲಿ ನನಗೆ ನಿನ್ನೆಯ ಬ್ರೆಡ್ ಕೊಟ್ಟರು. ತಿಳಿದೂ ಸುಮ್ಮನೆ ತಂದೆ.

ಪತ್ರಿಕೆಯ ಪೊಲೀಸ್ ವರದಿಯಲ್ಲಿ ಕರ್ಟ್‌ನ ಹೆಸರಿದೆ, ಸುತ್ತಿಗೆ ಇದೆ, ಮಾರ್ನಿಯ ಹೆಸರಿಲ್ಲ. ಹಾಕಬೇಡಿ ಎಂದು ನಾನು ಸಂಪಾದಕರ ಮನೆಗೇ ಹೋಗಿ ಹೇಳಿದ್ದೆ. ಹಾಗೆ ಹೇಳಲು ಯಾವ ನಿಯಮವಿದೆ ಎಂದು ಕೇಳಿದರು. ಹುಡುಕಿ ಹೇಳುತ್ತೇನೆ ಎಂದೆ. ಇನ್ನೂ ಹುಡುಕಿಲ್ಲ.

ಮಾರ್ಚ್ 10, ಸೋಮವಾರ

ಹವೆ: ನೋಡಲು ಮರೆತೆ.

ಬಾಗಿಲು ತೆಗೆಯುವ ಹೊತ್ತಿಗೆ ಇಬ್ಬರು ಹೆಂಗಸರು ನಿಂತಿದ್ದರು, ಒಬ್ಬರನ್ನೊಬ್ಬರು ನೋಡದಂತೆ. ಒಬ್ಬಳ ಪೆಟ್ಟು ಜನವರಿಯದು, ಇನ್ನೊಬ್ಬಳದು ಮೊನ್ನೆಯದು. ಇಬ್ಬರದೂ ಬರೆದುಕೊಂಡೆ. ಹೋದ ವರ್ಷ ಇಷ್ಟು ಹೊತ್ತಿಗೆ ಸೊನ್ನೆ ಇತ್ತು. ಮೇಯರ್ ಅಂಕಿ ನೋಡಿ ಗೋಡೆಗೆ ಒರಗಿದರು.

"ಏನಾಗ್ತಿದೆ ಆರ್ಡಿಸ್ ಈ ಊರಿಗೆ? ಹೊಡೆದಾಟ ಜಾಸ್ತಿ ಆಗ್ತಿದ್ಯಾ?"

"ಇಲ್ಲ ಲೈಲ್. ಬರೆಸೋದು ಜಾಸ್ತಿ ಆಗ್ತಿದೆ."

ಆಮೇಲೆ ಅವರು ಕಾಯುವವರಿಗೆ ಇನ್ನೆರಡು ಕುರ್ಚಿ ಹಾಕಿಸಲೇ ಎಂದು ಕೇಳಿದರು. ಹಾಕಿಸಿ ಎಂದೆ.

ಹನ್ನೊಂದರ ಸುಮಾರಿಗೆ ಹಿಲ್ಡೆಗಾರ್ಡ್ ವೋಸ್ ಬಂದರು. ಎಂಬತ್ತೊಂದು ವರ್ಷ, ಚರ್ಚಿಗೆ ಹಾಕುವ ಟೋಪಿ ಹಾಕಿಕೊಂಡಿದ್ದರು. ಮಫಿನ್ ತಂದಿದ್ದರು. ಯಾರೂ ಇಲ್ಲವಲ್ಲ ಎಂದು ಎರಡು ಸಲ ಹಿಂದೆ ತಿರುಗಿ ನೋಡಿದರು.

"ನಂದು ಹಳೇದು ಕಣಮ್ಮ."

"ಎಷ್ಟು ಹಳೇದು?"

"ಐವತ್ತೊಂದು ವರ್ಷದ್ದು. ನಮ್ಮ ಯಜಮಾನ್ರು ಹೋಗೇ ಹದಿನಾರು ವರ್ಷ ಆಯ್ತು. ಯಾರನ್ನೂ ಹಿಡಿಯೋದು ಗಿಡಿಯೋದು ಏನೂ ಬೇಡ. ಬರ್ಕೊಳಕ್ಕೆ ಆಗುತ್ತಾ ಅಂತ."

ಈ ವರ್ಷದ ಲೆಕ್ಕಕ್ಕೆ ಬರುವುದಿಲ್ಲ, ಯಾವ ವರ್ಷದ್ದಕ್ಕೂ ಬರುವುದಿಲ್ಲ. ರಾಜ್ಯಕ್ಕೆ ಕಳಿಸುವ ಹಾಳೆಯಲ್ಲಿ ಅದಕ್ಕೆ ಕಾಲಮ್ಮೇ ಇಲ್ಲ.

ಒಳಗೆ ಕರೆದು ಕೂರಿಸಿದೆ. ಹೊಸ ಹಾಳೆ ತೆಗೆದೆ.

"ಮೊದಲಿಂದ ಹೇಳಿ," ಎಂದೆ.

ಊಟದ ಹೊತ್ತು ಮೀರಿತು. ಏಳು ಹಾಳೆ ಆಯಿತು. ಕೊನೆಯದರ ಕೆಳಗೆ ಅವರು ನಿಧಾನವಾಗಿ, ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕಿದರು. ಮದುವೆಗೆ ಮುಂಚಿನ ಹೆಸರು.